ಹಳೇ ಬ್ರೇಕ್ ಪ್ಯಾಡು

ನಮ್ಮ ಮನೆಗೆ ಮೊದಲ ಡಿಗ್ರಿ ತಂದವಳು ನಾನು. ಆದರೂ ಗ್ರೀಸ್ ವಾಸನೆ ಬಂದರೆ ಉದಯಗಿರಿಯ ಅಪ್ಪನ ಗ್ಯಾರೇಜಿನ ಆ ಮಧ್ಯಾಹ್ನ ಇಂದಿಗೂ ಹೊಟ್ಟೆ ಉರಿಸುತ್ತದೆ.

ಲಕ್ಷ್ಮೀಪುರಂನ ಮೇಷ್ಟ್ರೊಬ್ಬರು ನನ್ನದೇ ವಯಸ್ಸಿನ ಮಗಳೊಂದಿಗೆ ಕಾರು ಒಯ್ಯಲು ಬಂದಿದ್ದರು. ಅಪ್ಪ ಎಂದಿನಂತೆ, ಬಿಚ್ಚಿದ ಬ್ರೇಕ್ ಪ್ಯಾಡುಗಳನ್ನು ಪೇಪರಿನ ಮೇಲೆ ಹರಡಿ ರೇಟು ಹೇಳಿದರು.

"ಜಾಸ್ತಿ ಆಯ್ತಲ್ಲಪ್ಪ," ಎಂದರು ಮೇಷ್ಟ್ರು. ಹುಡುಗಿ ಒಂದು ಪ್ಯಾಡ್ ಎತ್ತಿ, "ಇದು ಸವೆದೇ ಇಲ್ವಲ್ಲ ಅಂಕಲ್?" ಎಂದಳು.

ಅಪ್ಪ ರೇಗುತ್ತಾರೆಂದು ಕಾದೆ. ಅವರು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತರು. "ಅಂಗ್ ಕೇಳ್ಬೇಕು ಕಣವ್ವ! ಒಂದ್ ಕಡೇದು ಸವೆದ್ರೂ ಎರಡೂ ಕಡೇದು ಬದಲಾಯಿಸ್ಬೇಕು. ಇಲ್ದಿದ್ರೆ ಗಾಡಿ ಒಂದ್ ಕಡೆಗೆ ಎಳೀತದೆ."

ಮೇಷ್ಟ್ರು ತಲೆಯಾಡಿಸಿ ದುಡ್ಡು ಕೊಟ್ಟರು.

ಅವರು ಹೋದ ಕೂಡಲೇ ನಾನೂ ಪ್ಯಾಡ್ ಎತ್ತಿಕೊಂಡು, "ಹೊಸದು ಎಷ್ಟು ದಪ್ಪ ಇರ್ತದಪ್ಪ?" ಎಂದೆ.

"ಮುಟ್ಬೇಡ, ಕೈ ಮಸಿಯಾಗ್ತದೆ," ಎಂದರು ಅಪ್ಪ. "ಒಳಗೋಗಿ ಓದ್ಕೊ."