ಮುಷ್ಟಿಯಲ್ಲಿದ್ದ ಕೀ

ನಾನೀಗ ಕೆಲಸ ಮಾಡುವ ಪೆನ್‌ರೋಸಿನ ವರ್ಕ್‌ಶಾಪಿನಲ್ಲಿ ಗ್ರೀಸಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಬಲಗೈ ತಾನಾಗಿ ಮುಷ್ಟಿ ಕಟ್ಟುತ್ತದೆ.

ಅವತ್ತು ಆಯುಧಪೂಜೆ. ನನಗೆ ಏಳು ವರ್ಷ. ಅಪ್ಪ ಕೆಲಸಕ್ಕಿದ್ದ, ಕಡಲಾಚೆಯ ಕ್ಯಾಂಟರ್ಬರಿಯ ಫಾರ್ಮಿನಲ್ಲಿ ಮರುದಿನ ಬಿತ್ತನೆ. ಟ್ರ್ಯಾಕ್ಟರಿನ ಹಿಂದೆ ಕಟ್ಟಿದ್ದ ಬಿತ್ತುವ ಯಂತ್ರಕ್ಕೆ ಗ್ರೀಸ್ ಹಾಕಲು ಅದರಡಿ ನುಸುಳುವ ಮುಂಚೆ ಅಪ್ಪ ಟ್ರ್ಯಾಕ್ಟರಿನ ಕೀ ಕಿತ್ತು ನನ್ನ ಕೈಗಿಟ್ಟರು.

"ನಾನು ಹೊರಗೆ ಬರೋವರೆಗೂ ಯಾರಿಗೂ ಕೊಡಬೇಡ, ಪುಟ್ಟಿ."

ರಾಜ್ಯವೇ ಸಿಕ್ಕಿದಷ್ಟು ಖುಷಿ ನನಗೆ!

ಅಷ್ಟರಲ್ಲಿ ಫಾರ್ಮಿನ ಯಜಮಾನ ಅಂಕಲ್ ಬಂದರು. ಟ್ರ್ಯಾಕ್ಟರಿನ ಚಕ್ರದಡಿ ಅಮ್ಮ ಇಟ್ಟಿದ್ದ ನಿಂಬೆಹಣ್ಣನ್ನು ತಾವೇ ಅಪ್ಪಚ್ಚಿ ಮಾಡುವ ಆಸೆ ಅವರಿಗೆ. ಸೀಟು ಹತ್ತಿ ಕೈಚಾಚಿದರು.

"ಕೀ ಪ್ಲೀಸ್!"

"ನೋ! ಅಪ್ಪ ಈಸ್ ಅಂಡರ್ ದೇರ್!" ಎಂದು ಕಿರುಚಿದೆ.

ಅಂಕಲ್ ಬೆಚ್ಚಿ ಇಳಿದರು. ಅಪ್ಪ ತೆವಳಿ ಹೊರಬಂದರು. ಗ್ರೀಸ್ ಮೆತ್ತಿದ ಬೆರಳನ್ನೇ ಪೂಜೆಯ ಕುಂಕುಮದಲ್ಲಿ ಅದ್ದಿ, ಮೊದಲ ಬೊಟ್ಟನ್ನು ನನ್ನ ಮುಷ್ಟಿಗೆ ಇಟ್ಟರು. ಯಂತ್ರದ ಸರದಿ ಆಮೇಲೆ ಬಂತು.