ಯಾರೂ ದಾಟದ ನಡುಮನೆ

"ಯಾರೋ ಮೋಸ ಮಾಡ್ತಿದಾರೆ," ಎಂದರು ಬಾಸ್, ಕಂಪ್ಯೂಟರ್ ಪರದೆಯನ್ನು ಅವನ ಕಡೆ ತಿರುಗಿಸಿ. "ಆಡಿದವರೆಲ್ಲ ನಿನ್ನ ರಾಕ್ಷಸನ ಕೈಲಿ ಸತ್ತು ಬಿದ್ದಿದಾರೆ. ಇದೊಂದು ಬೆಕ್ಕು ಮಾತ್ರ ಬಾಲ ಎತ್ಕೊಂಡು ಆರಾಮಾಗಿ ದಾಟಿದೆ. ಅದೂ ಮೊದಲನೇ ಸಲಕ್ಕೇ!"

ಆಟಗಾರರ ಹೆಸರಿನ ಜಾಗದಲ್ಲಿ 'ಮೂಲೆಬೆಕ್ಕು' ಎಂದಿತ್ತು.

ಅವನು ಕಟ್ಟುತ್ತಿದ್ದ ವಿಡಿಯೋ ಗೇಮ್ ಇನ್ನೂ ಮುಗಿದಿರಲಿಲ್ಲ. ಮೊದಲ ಭಾಗವನ್ನಷ್ಟೇ ಡೆಮೊ ಎಂದು ದೊಡ್ಡ ಅಂಗಡಿಯೊಂದರಲ್ಲಿಟ್ಟು, ಬಂದವರಿಗೆಲ್ಲ ಆಡಲು ಬಿಟ್ಟಿದ್ದರು. ಆಡುವವರು ಕಥೆಯೊಳಗಿನ ಮಗುವಾಗಬೇಕು. ಕಾಡು, ಹೊಳೆ ದಾಟಿ, ಕೊನೆಗೆ ರಾಕ್ಷಸ ಕೂತಿರುವ ನಡುಮನೆಯನ್ನು ದಾಟಿ ಹಿತ್ತಿಲು ಸೇರಬೇಕು. ಗೆದ್ದರೂ ಸತ್ತರೂ ಆಮೇಲೆ ಅಲ್ಲೇ ಅಭಿಪ್ರಾಯ ಬರೆಯಬಹುದು. ಜನ ಬರೆದಿದ್ದರು, ಉಗಿದು ಉಪ್ಪಿನಕಾಯಿ ಹಾಕಿದ್ದರು.

'ಕಾಡು ಚೆನ್ನಾಗಿದೆ, ರಾಕ್ಷಸ ಶುದ್ಧ ಅನ್ಯಾಯ.' 'ಯಾವಾಗ ಮೈಮೇಲೆ ಬೀಳುತ್ತಾನೆಂದು ಸುಳಿವೇ ಇಲ್ಲ.' 'ಕತ್ತಿ ಕೊಟ್ಟಿದ್ದೀರಿ, ಅದು ಅವನಿಗೆ ತಾಗುವುದೇ ಇಲ್ಲ. ಕೊಟ್ಟಿದ್ದು ಬೆನ್ನು ಕೆರೆದುಕೊಳ್ಳಲಿಕ್ಕಾ?'

"ಅವನ ತಲೆ ಮೇಲೆ ಒಂದು ಕೆಂಪು ದೀಪ ಹಾಕು. ಸಿಟ್ಟು ಬಂದಾಗ ಉರೀಲಿ," ಎಂದರು ಬಾಸ್. "ಇಲ್ಲಾಂದ್ರೆ ನಡುಮನೆಯನ್ನೇ ಕಿತ್ತು ಹಾಕೋಣ."

"ಸುಳಿವು ಇದೆ ಸಾರ್. ನೋಡೋ ಕಣ್ಣು ಬೇಕು, ಅಷ್ಟೇ."

"ಯಾರಿಗಪ್ಪಾ ಇದೆ ಆ ಕಣ್ಣು?"

ಅವನು ಪರದೆಯ ಮೇಲಿನ ಆ ಹೆಸರನ್ನು ಮತ್ತೊಮ್ಮೆ ಓದಿದ. ಆ ರಾಕ್ಷಸ ಅವನ ಅಪ್ಪ. ಕೊಂಬು, ಕೋರೆಹಲ್ಲು ಬರೀ ಮೇಲಿನ ಅಲಂಕಾರ. ನೀರು ಕುಡಿದ ಲೋಟವನ್ನು ಅಪ್ಪ ಟಣ್ ಎಂದು ಕುಕ್ಕಿದರೆ ಭಯವಿರಲಿಲ್ಲ. ಸದ್ದೇ ಆಗದಂತೆ ಇಟ್ಟರೆ ಇದ್ದಲ್ಲೇ ಕಲ್ಲಾಗಬೇಕಿತ್ತು. ಅಮ್ಮ ಹೋದ ಮೇಲೆ ಇದನ್ನು ಬಲ್ಲವರು ಇಬ್ಬರೇ, ಅವನು ಮತ್ತು ಅವನ ಅಕ್ಕ. ಅಪ್ಪನ ಏಟು ತಿಂದು ಅಕ್ಕ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟಿದ್ದಳು. ಅವತ್ತು ತುಟಿ ಬಿಚ್ಚದೆ ನಿಂತ ತಮ್ಮನೊಂದಿಗೆ ಮತ್ತೆ ಮಾತಾಡಲಿಲ್ಲ. ಆ ನಡುಮನೆಯನ್ನು ಅವನು ಕಟ್ಟಿದ್ದೇ ಅವಳಿಗಾಗಿ. ಎಲ್ಲಾದರೂ ಆಡಲಿ, ಗುರುತು ಹಿಡಿಯಲಿ, ಬೈಯುವುದಕ್ಕಾದರೂ ಒಂದು ಮಾತಾಡಲಿ.

ಮೂಲೆಬೆಕ್ಕು ಅಕ್ಕನೇ. ಬೇರೆ ಯಾರಿಗೆ ಸಾಧ್ಯ?

ಸಂಜೆ ಅವನು ಮನೆಗೆ ಹೋದಾಗ ಟಿವಿಯ ಸದ್ದು ತಗ್ಗಿತು. ಮಗಳು ಪುಸ್ತಕ ತೆರೆದು ಕೂತಿದ್ದಳು. ಎಷ್ಟು ಶಿಸ್ತಿನ ಹುಡುಗಿ ಎಂದು ನೋಡಿದವರೆಲ್ಲ ಹೊಗಳುತ್ತಾರೆ. ಅವಳ ಮೇಲೆ ಅವನು ಒಂದು ದಿನವೂ ಕೈ ಎತ್ತಿದವನಲ್ಲ. ಅಪ್ಪನಂತಾಗುವುದಿಲ್ಲ ಎಂದು ಅವಳನ್ನು ಮೊದಲ ಸಲ ಎತ್ತಿಕೊಂಡಾಗಲೇ ನಿಶ್ಚಯಿಸಿದ್ದ.

ಆಫೀಸಿನ ಮಾತನ್ನು ಮನೆಯಲ್ಲಿ ಎತ್ತುವ ಅಭ್ಯಾಸ ಅವನಿಗಿರಲಿಲ್ಲ. ಸುಮ್ಮನೆ ಊಟಕ್ಕೆ ಕೂತ. ಉಪ್ಪು ಜಾಸ್ತಿಯಾಗಿತ್ತು. ಹೆಂಡತಿಗೆ ನಾಲ್ಕು ಮಾತು ಹೇಳಿದ, ಸ್ವಲ್ಪ ಗಡುಸಾಗಿಯೇ. ಆದರೆ ಅದನ್ನೇ ಜಗಿಯುತ್ತ ಕೂರುವ ಮನುಷ್ಯನಲ್ಲ.

"ಉಪ್ಪಿನಂಗಡಿಯವನು ನಿಮ್ಮ ನೆಂಟನೇನೇ?" ಎಂದ ಆಮೇಲೆ.

ಹೆಂಡತಿ ನಕ್ಕಳು. ಮಗಳೂ ನಕ್ಕಳು. ಅವನಿಗೆ ಹಗುರಾಯಿತು.

ಮರುದಿನ ಶಾಲೆ, ಆಫೀಸು ಬಿಡುವ ಹೊತ್ತಿಗೆ ಬಾಸ್ ಅವನ ಮೇಜಿಗೇ ಓಡಿಬಂದರು. "ಅಂಗಡಿಯಿಂದ ಫೋನು! ಬೆಕ್ಕು ಮತ್ತೆ ಬಂದು ಕೂತಿದೆಯಂತೆ. ಈ ಸಲ ಅಭಿಪ್ರಾಯಾನೂ ಬರೆದಿದೆ, ನೋಡು."

'ಇದೇನೂ ಕಷ್ಟವಲ್ಲ. ಲೋಟ ಸದ್ದಿಲ್ಲದೆ ಇಟ್ಟರೆ ಅಲ್ಲಾಡಬಾರದು. ಕತ್ತಿ ಮುಟ್ಟಲೇಬಾರದು. ಒಂದು ಮಾತ್ರ ತಪ್ಪಾಗಿದೆ. ಸಿಟ್ಟು ಇಳಿದ ಮೇಲೆ ರಾಕ್ಷಸ ತಮಾಷೆ ಮಾಡಬೇಕು. ಆಗ ಎಲ್ಲರೂ ನಗಬೇಕು. ನಗದಿದ್ದರೆ ಮತ್ತೆ ಮೊದಲಿನಿಂದ ಶುರು.'

ಅವನು ಅದನ್ನು ಎರಡೆರಡು ಸಲ ಓದಿದ. ತಮಾಷೆಯ ಮಾತು ಮಾತ್ರ ಹೊಂದಲಿಲ್ಲ. ಅಪ್ಪ ಜನ್ಮದಲ್ಲಿ ತಮಾಷೆ ಮಾಡಿದವರಲ್ಲ. ಇರಲಿ, ಅಕ್ಕನಿಗೂ ವಯಸ್ಸಾಯಿತು, ಮರೆತಿರಬೇಕು.

ಅಂಗಡಿಯ ದಾರಿಯುದ್ದಕ್ಕೂ ಬಾಸ್ ಏನೋ ಹೇಳುತ್ತಿದ್ದರು. ಅವನು ಒಳಗೊಳಗೇ ಒಂದೇ ಮಾತನ್ನು ತಿದ್ದುತ್ತಿದ್ದ. 'ಅಕ್ಕಾ, ಅವತ್ತು ನಾನು ಅಡ್ಡ ಬರಬೇಕಿತ್ತು.'

ಅಂಗಡಿಯಲ್ಲಿ ಎತ್ತರದ ಬೆನ್ನಿನ ಕುರ್ಚಿಯೊಂದು ಪರದೆಗೆ ಮುಖ ಮಾಡಿತ್ತು. ಪರದೆಯ ಮೇಲೆ ರಾಕ್ಷಸ ಲೋಟವನ್ನು ಮೆಲ್ಲಗೆ ಕೆಳಗಿಟ್ಟ. ಮಗು ಗೋಡೆಗಂಟಿ ಕಲ್ಲಾಯಿತು. ರಾಕ್ಷಸ ಕಾದ, ಮೂಸಿದ, ಮುಖ ತಿರುಗಿಸಿದ. ಮಗು ಹಿತ್ತಿಲು ಸೇರಿತು.

"ಅಕ್ಕಾ," ಎಂದ ಅವನು.

ಕುರ್ಚಿ ತಿರುಗಿತು. ಶಾಲೆಯ ಸಮವಸ್ತ್ರದಲ್ಲಿ ಮಗಳು ಕೂತಿದ್ದಳು.

"ಇಲ್ಲೇನು ಮಾಡ್ತಿದೀಯ?" ಅವನು ಮೆಲ್ಲಗೆಯೇ ಕೇಳಿದ.

ಅವಳು ಎದ್ದು ನಿಂತಳು. ಕೈ ಪಕ್ಕಕ್ಕೆ ಇಳಿಬಿಟ್ಟು, ಉಸಿರೂ ಬಿಡದೆ.

"ಅರೆ, ನಿನ್ನ ಮಗಳಾ!" ಬಾಸ್ ಹಣೆ ಚಚ್ಚಿಕೊಂಡರು. "ಕಳ್ಳ, ನೀನೇ ಗುಟ್ಟು ಹೇಳಿಕೊಟ್ಟಿದೀಯ!"

"ಇಲ್ಲ ಸಾರ್, ದೇವರಾಣೆಗೂ ಇಲ್ಲ. ಅದು... ನಮ್ಮಪ್ಪನ್ನ ನೆನೆಸ್ಕೊಂಡು ಮಾಡಿದ್ದು. ಆ ಮನೇಲಿ ಬೆಳೆದವರಿಗೆ ಮಾತ್ರ ಗೊತ್ತಾಗೋ ವಿಷಯ."

ಬಾಸ್ ಅವಳ ಕಡೆ ತಿರುಗಿದರು. "ನಿನಗೆ ಹೇಗೆ ಗೊತ್ತಾಯ್ತಮ್ಮಾ?"

"ಯಾರೂ ಹೇಳಿಲ್ಲ ಅಂಕಲ್. ಗೊತ್ತಾಗತ್ತೆ, ಅಷ್ಟೇ."

"ಸರಿಹೋಯ್ತು! ತಾತನ್ನ ನೋಡಿ ಕಲಿತಿದಾಳೆ ಕಣಯ್ಯಾ ಇವಳು!" ಬಾಸ್ ಹೊಟ್ಟೆ ಕುಲುಕಿಸಿ ನಕ್ಕರು.

ಮಗಳು ಒಮ್ಮೆ ಅಪ್ಪನ ಮುಖ ನೋಡಿದಳು. ಆಮೇಲೆ ತಾನೂ ನಕ್ಕಳು.

ಅವಳು ಹುಟ್ಟುವ ಮೊದಲೇ ತಾತ ತೀರಿಕೊಂಡಿದ್ದರು.