ಮದ್ದೋ ಮರಳೋ

“ಈ ಸಂಖ್ಯೆಗಳು ಸಾಲಾಗಿಲ್ಲ, ಸಾರ್.” ಸಹಾಯಕಿ ದೂನ್ಯಾ ದಾಖಲೆ ಪುಸ್ತಕವನ್ನು ಪ್ರೊಫೆಸರ್ ತಿಹೋಮಿರ್‌ನ ಕಾಫಿ ಬಟ್ಟಲಿನ ಪಕ್ಕಕ್ಕೆ ತಳ್ಳಿದಳು. “ಹನ್ನೆರಡನೇ ಪೆಟ್ಟಿಗೆ ಆದ್ಮೇಲೆ ಏಳು. ಏಳಾದ್ಮೇಲೆ ಮೂವತ್ತು. ಸಾಲಾಗೇ ತೆಗೀಬೇಕು ಅನ್ನೋದಲ್ವಾ ನಿಯಮ?”

ತಿಹೋಮಿರ್ ಪುಸ್ತಕದ ಕಡೆ ಕಣ್ಣೂ ಹಾಯಿಸಲಿಲ್ಲ. ಪಕ್ಕದ ಪುರಸಭೆ ಸಭಾಂಗಣದಲ್ಲಿ ಕುರ್ಚಿ ಎಳೆಯುವ ಸದ್ದು ಕೇಳುತ್ತಿತ್ತು. ಇನ್ನೊಂದು ಗಂಟೆಯಲ್ಲಿ ನೋಟರಿ ಲಕೋಟೆ ಒಡೆಯುತ್ತಾಳೆ. ಮೋಡ ಬಿತ್ತಿದರೆ ಮಳೆ ಹೆಚ್ಚುತ್ತದೆ ಎಂದು ಮೂವತ್ತು ವರ್ಷ ಗಂಟಲು ಹರಿದುಕೊಂಡವನ ಮಾನ ಆ ಲಕೋಟೆಯಲ್ಲಿತ್ತು. ಹೆಚ್ಚುವುದಿಲ್ಲ ಎಂದಾದರೆ ಬೆಲ್‌ಗ್ರೇಡ್‌ನ ಅವನ ಸಂಸ್ಥೆಗೆ ಬೀಗ.

“ಈ ಊರಿನವರಿಗೆ ಕುರಿ ಎಣಿಸೋಕೇ ಬರಲ್ಲ ಕಣಮ್ಮ. ಪೆಟ್ಟಿಗೆ ಎಣಿಸ್ತಾರಾ? ಬರೆಯೋವಾಗ ತಪ್ಪು ಮಾಡಿರ್ತಾರೆ.”

“ಬರೆಯೋವಾಗ ಅಲ್ಲ, ತೆಗೆಯೋವಾಗಲೇ ಸಾಲು ತಪ್ಪಿದ್ರೆ?”

“ಆಗ ನನ್ನ ಹತ್ರ ಬರಬೇಡ, ಅವರ ಮೇಷ್ಟ್ರ ಹತ್ರ ಹೋಗು.”

ಪ್ರಯೋಗ ಅವನೇ ಹೆಣೆದದ್ದು. ರೇಡಾರಿನವರಿಂದ ಅಪ್ಪಣೆ ಬಂದಾಗಲೆಲ್ಲ ಗುಡ್ಡದ ಮೇಲಿನ ಓಬ್ರೆನ್ ಒಂದು ಪೆಟ್ಟಿಗೆ ತೆರೆದು, ಅದರಲ್ಲಿನ ರಾಕೆಟ್‌ಗಳನ್ನು ಮೋಡಕ್ಕೆ ಹಾರಿಸಬೇಕು. ಅರ್ಧ ಪೆಟ್ಟಿಗೆಗಳ ರಾಕೆಟ್‌ಗಳಲ್ಲಿ ಮಳೆ ತರುವ ಮದ್ದು, ಉಳಿದರ್ಧದಲ್ಲಿ ಬರೀ ಮರಳು. ಯಾವುದರಲ್ಲಿ ಏನಿದೆ ಎಂದು ಹಾರಿಸುವವನಿಗೂ ತಿಳಿಯಬಾರದು, ಲೆಕ್ಕ ಹಾಕುವವರಿಗೂ ತಿಳಿಯಬಾರದು. ಹಾಗಾಗಿ ನೋಟರಿ ಪೆಟ್ಟಿಗೆಗಳ ಸಂಖ್ಯೆಗಳನ್ನು ಎರಡು ಪಟ್ಟಿ ಮಾಡಿ ಕೊಟ್ಟಿದ್ದಳು. ಮದ್ದಿನ ಪಟ್ಟಿ ಯಾವುದೆಂಬುದು ಲಕೋಟೆಯೊಳಗೆ.

ಮರಳು ತುಂಬುವ ದಿನ ಎರಡರ ತೂಕವನ್ನೂ ಸಮ ಮಾಡೋಣವೇ ಎಂದು ದೂನ್ಯಾ ಕೇಳಿದ್ದಳು. ಆ ಹಳ್ಳಿ ಮುಕ್ಕಗಳಿಗಾಗಿ ತಕ್ಕಡಿ ಬೇರೆ ತರಬೇಕೇ ಎಂದು ತಿಹೋಮಿರ್ ನಕ್ಕಿದ್ದ.

ನಾಲ್ಕು ಬೇಸಿಗೆ ಕಳೆದವು. ಮೊದಲನೇ ಪಟ್ಟಿಯ ದಿನಗಳಲ್ಲಿ ಎರಡನೆಯದಕ್ಕಿಂತ ಕಣಿವೆಯ ಮಳೆಮಾಪಕಗಳಿಗೆ ನೂರಕ್ಕೆ ಮೂವತ್ತೊಂದು ಪಾಲು ಹೆಚ್ಚು ನೀರು ಬಿದ್ದಿತ್ತು. ಇಷ್ಟು ದೊಡ್ಡ ಅಂತರ ಯಾರೂ ಕಂಡಿರಲಿಲ್ಲ. ತಿಹೋಮಿರ್ ಆಗಲೇ ಹೊಸ ಕೋಟು ಹೊಲಿಸಿದ್ದ.

“ಪೆಟ್ಟಿಗೆಗಳನ್ನು ಸಾಲು ತಪ್ಪದೆ ಬಳಸಿದ್ದಾರೆ ಅನ್ನೋ ಪತ್ರಕ್ಕೆ ನಾನು ರುಜು ಹಾಕಲ್ಲ,” ಎಂದಳು ದೂನ್ಯಾ.

“ನಿನ್ನ ರುಜು ಯಾರಿಗೆ ಬೇಕಿತ್ತು?” ಅವನು ಪತ್ರ ಎಳೆದುಕೊಂಡು ಜೇಬಿಗೆ ತುರುಕಿದ. “ಸಭೆಯಲ್ಲೇ ಹಾಕ್ತೀನಿ. ಎಲ್ಲರೂ ನೋಡಲಿ.”

ಓಣಿಯಲ್ಲಿ ಓಬ್ರೆನ್ ಕಾಯುತ್ತಿದ್ದ. ಮದುವೆಗೆ ಹೊಲಿಸಿದ ಕೋಟು ಹೊಟ್ಟೆಯ ಮೇಲೆ ಬಿಗಿದಿತ್ತು, ಕೈಯಲ್ಲಿ ಪ್ಲಮ್ ಹಣ್ಣಿನ ಸಾರಾಯಿ ಬಾಟಲಿ. ತಿಹೋಮಿರ್ ಬಾಟಲಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡ.

“ನಮ್ಮನೇಲೇ ಇಳಿಸಿದ್ದು, ಸಾರ್. ನಿಮ್ಮ ಮಾಲನ್ನೂ ಅಷ್ಟೇ ಹುಷಾರಾಗಿ ನೋಡ್ಕೊಂಡಿದೀನಿ. ಕಂಡ ಕಂಡ ಮೋಡಕ್ಕೆಲ್ಲ ಮದ್ದು ಹಾಳು ಮಾಡಿಲ್ಲ.”

“ಏನಂದೆ?”

“ದಪ್ಪ ಕರಿ ಮೋಡ ಬಂದ್ರೆ ಮದ್ದಿನ ಪೆಟ್ಟಿಗೆ. ಹರಕು ಮೋಡಕ್ಕೆ ಮರಳೇ ಸಾಕು. ಬರದೇ ಇರೋ ಮಳೆಗೆ ಯಾಕೆ ಸುರೀಬೇಕು, ಅಲ್ವಾ?”

“ಮದ್ದಿನ ಪೆಟ್ಟಿಗೆ ಯಾವುದು ಅಂತ ನಿಂಗೆ ಯಾರು ಹೇಳಿದ್ರು?”

ಓಬ್ರೆನ್ ಅಂಗೈ ಚಾಚಿದ. “ಇದು. ನಲವತ್ತು ವರ್ಷ ಸಂತೇಲಿ ಕಲ್ಲಂಗಡಿ ಮಾರಿದ ಕೈ. ಕೊಯ್ದು ನೋಡ್ಬೇಕಾ ಸಾರ್? ಎತ್ತಿದ್ರೇ ಗೊತ್ತಾಗುತ್ತೆ ಯಾವುದು ಚೆನ್ನಾಗಿದೆ ಅಂತ. ಸರಿಯಾಗೇ ಮಾಡಿದೀನಿ ತಾನೇ?”

ತಿಹೋಮಿರ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ದಪ್ಪ ಮೋಡ ಹೇಗಿದ್ದರೂ ಸುರಿಯುತ್ತದೆ. ಮಳೆ ಹೆಚ್ಚಿದ್ದು ಮೋಡದಿಂದ, ಮದ್ದಿನಿಂದಲ್ಲ. ನಾಲ್ಕು ಬೇಸಿಗೆ ಈ ಕಲ್ಲಂಗಡಿ ವ್ಯಾಪಾರಿಯ ಕೈಯಲ್ಲಿ ನೀರಲ್ಲಿ ಹೋಮವಾಗಿತ್ತು. ಈಗಲೇ ಒಳಗೆ ಹೋಗಿ ಪ್ರಯೋಗ ಕೆಟ್ಟಿದೆ ಎನ್ನಬೇಕಿತ್ತು.

ಆದರೆ ಕೆಟ್ಟಿದ್ದು ಯಾರ ಕಡೆಗೆ? ತನ್ನ ಕಡೆಗೇ ಅಲ್ಲವೇ? ಅವನಿಗೆ ನಗು ಬಂತು. ಪೆದ್ದ, ತನ್ನ ಪೆದ್ದುತನದಿಂದಲೇ ನನ್ನನ್ನು ಗೆಲ್ಲಿಸಿದ್ದಾನೆ.

“ಸರಿಯಾಗೇ ಮಾಡಿದೀಯ. ಆದ್ರೆ ಈ ಮಾತು ಇಲ್ಲಿಗೇ ಬಿಡು. ದೊಡ್ಡವರ ಸಭೆ, ನಿಂಗೆ ಅರ್ಥ ಆಗಲ್ಲ. ಬಾಯಿ ಮುಚ್ಕೊಂಡು ಹಿಂದೆ ಕೂತ್ಕೊ.”

ಸಭಾಂಗಣ ತುಂಬಿತ್ತು. ಮಂತ್ರಿಗಳ ಕಡೆಯವರು ಮುಂದೆ, ರಾಸ್ಪ್‌ಬೆರಿ ಬೆಳೆಗಾರರು ಹಿಂದೆ. ತಿಹೋಮಿರ್ ಎಲ್ಲರೆದುರು ಪತ್ರಕ್ಕೆ ರುಜು ಹಾಕಿ, ಎತ್ತಿ ತೋರಿಸಿದ.

“ಪೆಟ್ಟಿಗೆಗಳು ಸಾಲು ತಪ್ಪಿಲ್ಲ. ಅದಕ್ಕೆ ನಾನೇ ಜವಾಬ್ದಾರ. ಲಕೋಟೆ ಏನು ಹೇಳುತ್ತೋ ಅದೇ ಕೊನೇ ಮಾತು. ನಾಳೆ ಯಾರೂ ನೆಪ ತೆಗೀಬಾರದು, ನಾನೂ ತೆಗೆಯಲ್ಲ.”

ಚಪ್ಪಾಳೆ ಬಿತ್ತು. ದೂನ್ಯಾ ಕೈ ಕಟ್ಟಿಕೊಂಡೇ ಕುಳಿತಿದ್ದಳು.

ನೋಟರಿ ಕನ್ನಡಕ ಏರಿಸಿ, ಅರಗು ಒಡೆದು, ಹಾಳೆ ಬಿಡಿಸಿದಳು. ಒಮ್ಮೆ ಮನಸ್ಸಿನಲ್ಲೇ ಓದಿಕೊಂಡಳು. ಆಮೇಲೆ ಗಟ್ಟಿಯಾಗಿ ಓದಿದಳು.

“ಮೊದಲನೇ ಪಟ್ಟಿ: ಮರಳು.”

ಹಿಂದಿನ ಸಾಲಿನಲ್ಲಿ ಓಬ್ರೆನ್ ತಲೆ ಕೆರೆಯುತ್ತ ಎದ್ದು ನಿಂತ.

“ಅಯ್ಯೋ, ಭಾರ ಇದ್ದಿದ್ದು ಮರಳಾ ಸಾರ್? ಈಗ ಓಣೀಲಿ ಅಷ್ಟೊತ್ತು ಹೇಳಿದ್ನಲ್ಲ, ಆಗಲೇ ಒಂದು ಮಾತು ಹೇಳ್ಬಾರ್ದಿತ್ತಾ?”